100 ವ್ಯಾಟ್ ಬಲ್ಬ್ ಕುರಿತು ಸ್ಪಷ್ಟನೆ

‘ಹಳೆಯ ಕಾರಿನ ಹೆಡ್‌ಲೈಟ್ ಮಂದವೇ? 100/90 ವ್ಯಾಟ್ ಬಲ್ಬ್ ಹಾಕಿ, ಬೇರೇನೂ ಬೇಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

60/55 ವ್ಯಾಟ್‌ನ (ದೂರದ ಹೈಬೀಮ್‌ಗೆ 60, ಹತ್ತಿರದ ಲೋಬೀಮ್‌ಗೆ 55) ಎರಡು ಎಚ್4 ಬಲ್ಬ್‌ಗಳು, ಅಂದರೆ ಎರಡೂ ಬೀಮ್ ಒಂದರಲ್ಲೇ ಇರುವ ಹೆಡ್‌ಲೈಟ್ ಬಲ್ಬ್‌ಗಳು, ಹೈಬೀಮ್‌ನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟ್‌ನವು 16ಕ್ಕೂ ಹೆಚ್ಚು. ಅನೇಕ ಹಳೆಯ ಕಾರುಗಳಲ್ಲಿ ಇಷ್ಟೂ ಕರೆಂಟು ಸ್ಟಿಯರಿಂಗ್ ಪಕ್ಕದ ಪುಟ್ಟ ಸ್ವಿಚ್ಚಿನ ಮೂಲಕವೇ ಹೋಗಬೇಕು. ಮೊದಲು ಹೋಲ್ಡರ್ ಕಂದುಗಟ್ಟುತ್ತದೆ, ಆಮೇಲೆ ಸುಟ್ಟ ವಾಸನೆ.

ಮಂದ ಬೆಳಕಿಗೆ ಬಲ್ಬೇ ಕಾರಣವೆಂದೇನಿಲ್ಲ. ಸವೆದ ವೈರಿನಲ್ಲಿ ವೋಲ್ಟೇಜ್ ಶೇ 10ರಷ್ಟು ಕುಸಿದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವೈರು, ರಿಲೇ (ಪುಟ್ಟ ಸ್ವಿಚ್ಚಿನ ಅಲ್ಪ ಕರೆಂಟಿನಿಂದಲೇ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ), ಉಜ್ಜಿ ಬಿಗಿಗೊಳಿಸಿದ ಅರ್ತಿಂಗ್ ಇದ್ದರೆ ಹಳೆಯ 60/55 ಬಲ್ಬೇ ಚೆನ್ನಾಗಿ ಬೆಳಗುತ್ತದೆ. ರಿಫ್ಲೆಕ್ಟರಿನ ಹೊಳಪು ಹೋಗಿದ್ದರೆ ಮಾತ್ರ ಅದನ್ನೇ ಬದಲಿಸಬೇಕು.