ನಲವತ್ತು ನಿಮಿಷದ ಮದುಮಗಳು

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮದೊಂದು ಓದುಗರ ಬಳಗ. ತಿಂಗಳಿಗೊಂದು ಪುಸ್ತಕ, ಕೊನೆಯ ಭಾನುವಾರ ಸಂಜೆ ಏಳಕ್ಕೆ ಆನ್‌ಲೈನ್ ಮಾತುಕತೆ. ಲಿಂಕ್ ಪುಕ್ಕಟೆಯದ್ದು, 40 ನಿಮಿಷಕ್ಕೆ ತಾನೇ ಕಟ್ ಆಗುತ್ತದೆ. ಈ ಸಲದ ಪುಸ್ತಕ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 700 ಪುಟ ದಾಟುವ ಕಾದಂಬರಿಗೆ 40 ನಿಮಿಷ! ಆದರೂ ಓದಿದೆ. ಅನ್ನಕ್ಕಿಟ್ಟು ಓದಿದೆ, ಮಗನ ಟ್ಯೂಷನ್ ಗೇಟಿನ ಮುಂದೆ ಸ್ಕೂಟರ್ ಮೇಲೆ ಕೂತು ಓದಿದೆ. ಗುತ್ತಿಯ ನಾಯಿ ಹುಲಿಯನ ಬಗ್ಗೆ ಹೇಳಲೇಬೇಕು ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಎರಡು ಪುಟ ಬರೆದುಕೊಂಡಿದ್ದೆ.

ಮೊದಲ ಎಂಟು ನಿಮಿಷ ‘ಕೇಳಿಸ್ತಿದೆಯಾ’ಗೆ ಹೋಯಿತು. ಅದು ಬಿಡಿ, ನಿಮ್ಮಲ್ಲೂ ಹೋಗುತ್ತದೆ. ಒಂಬತ್ತನೇ ನಿಮಿಷಕ್ಕೆ ನಮ್ಮ ಹಿರಿಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು.

“ಪುಸ್ತಕ ಓದಕ್ಕಾಗ್ಲಿಲ್ಲ. ಆದ್ರೆ ನಾಟಕ ನೋಡಿದೀನಿ.”

ಈ ಸರ್ ಯಾವುದನ್ನೂ ಓದುವುದಿಲ್ಲ, ಎಲ್ಲವನ್ನೂ ನೋಡಿರುತ್ತಾರೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆ ಇಟ್ಟುಕೊಂಡಾಗ ಕಾಸರವಳ್ಳಿಯವರ 1977ರ ಸಿನಿಮಾ ನೋಡಿದ್ದರು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಇಟ್ಟಾಗಲೂ ಅಷ್ಟೇ. ಅವತ್ತು ರಾತ್ರಿಯೇ ಗ್ರೂಪಿಗೆ ಒಂದು ಲಿಂಕ್ ಬರುತ್ತದೆ: ‘ಓದಲು ಪುರುಸೊತ್ತಿಲ್ಲದವರು ಇದನ್ನು ನೋಡಬಹುದು.’

ಈ ನಾಟಕವಂತೂ ಸಾಮಾನ್ಯದ್ದಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಆಡಿಸಿದ್ದು. ರಾತ್ರಿಯಿಡೀ, ಒಂಬತ್ತು ಗಂಟೆ. ಸರ್ ಒಂಬತ್ತನ್ನೂ ಬಿಡಿಸತೊಡಗಿದರು. ಕತೆಯನ್ನಲ್ಲ. ಗಾಡಿ ನಿಲ್ಲಿಸಿದ್ದೆಲ್ಲಿ, ಶಾಲು ಮರೆತದ್ದು ಹೇಗೆ, ನಡುರಾತ್ರಿ ಕಾಫಿಗೆ ಎಷ್ಟು ಜನ ನಿಂತಿದ್ದರು. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕಿತ್ತು. ಹಾಗೆ ನಡೆಯುವಾಗ ಇವರ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಒಂದು ಪಿನ್ನಿಗಾಗಿ ಯಾರ್‍ಯಾರನ್ನು ಕೇಳಿದರು ಎಂಬುದೂ ಬಂತು. ನನ್ನ ಹಳದಿ ಕೈ ಪರದೆಯ ಮೂಲೆಯಲ್ಲಿ ಎತ್ತಿದ್ದು ಎತ್ತಿದ ಹಾಗೇ ಇತ್ತು, ನಿಲ್ಲಿಸದೆ ಹೋಗುವ ಬಸ್ಸಿಗೆ ಕೈ ಒಡ್ಡಿದವರ ಥರ.

39ನೇ ನಿಮಿಷಕ್ಕೆ ಪಿನ್ ಸಿಕ್ಕಿತು. “ಮೇಡಂ, ನೀವು ಹೇಳಿ” ಅಂದರು ಯಾರೋ. “ಈ ಹುಲಿಯ ಇದೆಯಲ್ಲಾ...” ಅಂದೆ. ಕಟ್.

ಎರಡನೇ ಲಿಂಕಿಗೆ ಬಂದವರು ಇಬ್ಬರೇ. ನಾನು ಮತ್ತು ಸರ್. ಉಳಿದವರಿಗೆ ಊಟದ ಹೊತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಇದ್ದೆವು.

“ನಮ್ಮನೆಯವಳು ಓದಿದ್ಲು ಮೇಡಂ” ಅಂದರು. “ರಾತ್ರಿಯಿಡೀ ಪಕ್ಕದಲ್ಲಿ ಕೂತು ಕಿವೀಲಿ ಹೇಳ್ತಿದ್ಲು, ಇವನೇ ಗುತ್ತಿ, ಅವಳು ತಿಮ್ಮಿ ಅಂತ. ಈಗ ಓದೋಣ ಅಂತ ತೆಗೀತೀನಿ. ಯಾರು ಯಾರು ಅಂತಲೇ ತಿಳಿಯಲ್ಲ.”

ನಾನು ಹಾಲಿನ ಪುಸ್ತಕ ಮುಚ್ಚಿಟ್ಟೆ. ಮಾತು ತಿರುಗಿಸಲು, ಮುಂದಿನ ತಿಂಗಳು ಕವನ ಸಂಕಲನ ಇಟ್ಟುಕೊಳ್ಳೋಣವಾ ಸರ್ ಅಂದೆ. ಅದನ್ನಾದರೂ ಯಾರೂ ಸಿನಿಮಾ ಮಾಡಿರಲಾರರು.

ಸರ್ ಮುಖ ಅರಳಿತು.

“ಅದರ ಕ್ಯಾಸೆಟ್ಟೇ ಇದೆ ನಮ್ಮನೇಲಿ!”