ಒಡೆದ ಬಲ್ಬು ಮತ್ತು ಚಪಾತಿ ಹಿಟ್ಟು

ಹೋದ ವರ್ಷ ಫೆಬ್ರವರಿಯ ಒಂದು ಸಂಜೆ. ಹೊರಗೆ ಮೈನಸ್ ನಾಲ್ಕು ಡಿಗ್ರಿ. ನಮ್ಮ ಹಾಲಿನ ಎರಡೂ ಕಿಟಕಿಗಳು ಹಾರು ಹೊಡೆದಿದ್ದವು. ನಾನು, ಹೆಂಡತಿ, ಆರು ವರ್ಷದ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಜಾಕೆಟ್ ತೊಟ್ಟು, ಗಡಿಯಾರ ನೋಡುತ್ತಾ ಕೂತಿದ್ದೆವು. ಇಷ್ಟಕ್ಕೆಲ್ಲ ಕಾರಣ ಒಂದು ಬಲ್ಬು.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಹಳೇ ಸಾಮಾನಿನ ಸಂತೆಯಲ್ಲಿ ಎಂಟು ಯೂರೋ ಕೊಟ್ಟು ಒಂದು ಟೇಬಲ್ ಲ್ಯಾಂಪ್ ತಂದಿದ್ದೆ. ಅದರ ಜೊತೆಗೇ ಬಂದಿತ್ತು ಆ ಸುರುಳಿ ಬಲ್ಬು. ನಾವು ಊರಲ್ಲಿ ಸಿಎಫ್‌ಎಲ್ ಅನ್ನುತ್ತಿದ್ದೆವಲ್ಲ, ಅದೇ. ಮಗಳು ಬಲೂನ್ ಹೊಡೆಯಲು ಹೋಗಿ ಲ್ಯಾಂಪಿಗೇ ಹೊಡೆದಳು. ಟಪ್ ಅಂತ ಶಬ್ದ. ಕಾರ್ಪೆಟ್ ಮೇಲೆ ಗಾಜಿನ ಚೂರು, ಅದರ ಸುತ್ತ ಮೈದಾ ಚೆಲ್ಲಿದ ಹಾಗೆ ಬಿಳೀ ಪುಡಿ. ನನ್ನ ಹೆಂಡತಿ ವ್ಯಾಕ್ಯೂಮ್ ಕ್ಲೀನರ್ ಎಳೆದು ತಂದು ಪ್ಲಗ್ ಹಾಕುವುದಕ್ಕೂ, ಮೇಲಿನ ಮನೆಯ ಅಜ್ಜಿ ಬೆಲ್ ಒತ್ತುವುದಕ್ಕೂ ಸರಿಹೋಯಿತು. ಆ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದು. ಈ ಕಡೆ ಅದಕ್ಕೆ ಕೆರ್‌ವೋಹೆ ಅಂತಾರೆ, ಗುಡಿಸುವ ವಾರ. ನಾವು ಗುಡಿಸಿರಲಿಲ್ಲ. ಅಜ್ಜಿ ಅದನ್ನು ನೆನಪಿಸಲು ಬಂದಿದ್ದರು. ನೆಲ ನೋಡಿದವರೇ ಮೆಟ್ಟಿಲು ಮರೆತರು.

"ಮೊದಲು ಆ ಯಂತ್ರ ಆಫ್ ಮಾಡಿ. ಹೀಟರ್ ಆಫ್ ಮಾಡಿ. ಕಿಟಕಿ ಪೂರ್ತಿ ತೆಗೆಯಿರಿ. ಎಲ್ಲರೂ ಹೊರಗೆ ಬನ್ನಿ, ಹದಿನೈದು ನಿಮಿಷ."

ಎಂಬತ್ತು ದಾಟಿದ ಹೆಂಗಸು. ನಾನು ಎಂಜಿನಿಯರು. ನನಗೆ ಗೊತ್ತಿರಲಿಲ್ಲ, ಅವರಿಗೆ ಬಾಯಿಪಾಠ.

ಜರ್ಮನಿಯ ಪರಿಸರ ಇಲಾಖೆ ಜನರಿಗೆ ಹೇಳುವುದೂ ಇದನ್ನೇ. ಹದಿನೈದು ನಿಮಿಷ ಗಾಳಿಯಾಡಲಿ. ಆಮೇಲೆ ಕೈಗೆ ಗ್ಲೌಸ್ ಹಾಕಿಕೊಂಡು ದಪ್ಪ ರಟ್ಟಿನಿಂದ ಚೂರುಗಳನ್ನು ಒಟ್ಟುಮಾಡಿ. ಸಣ್ಣ ಪುಡಿಗೆ ಅಂಟುಟೇಪ್ ಒತ್ತಿ ಎತ್ತಿ. ಕೊನೆಗೆ ಒದ್ದೆ ಪೇಪರಿನಿಂದ ಒರೆಸಿ. ಟೇಪು, ಪೇಪರು ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಅಮೆರಿಕದವರ ಸಲಹೆಯೂ ಹೆಚ್ಚುಕಡಿಮೆ ಹೀಗೇ, ಅಲ್ಲಿ ಐದರಿಂದ ಹತ್ತು ನಿಮಿಷ ಸಾಕು ಅಂತಾರೆ. ವ್ಯಾಕ್ಯೂಮ್ ಯಾಕೆ ಬೇಡ ಅಂದರೆ, ಅದು ಗಾಜನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಪಾದರಸದ ಆವಿಯನ್ನು ಹಿಂದಿನಿಂದ ಮನೆಗೆಲ್ಲ ಊದುತ್ತದೆ. ಹೌದು, ಆ ಬಲ್ಬಿನೊಳಗೆ ಪಾದರಸ ಇರುತ್ತದೆ. ಅದರ ಆವಿಯಲ್ಲಿ ಕರೆಂಟ್ ಹರಿದಾಗ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹೊರಡುತ್ತದೆ, ಗಾಜಿನ ಒಳಮೈಗೆ ಬಳಿದ ಬಿಳೀ ಪುಡಿ ಅದನ್ನು ನಮಗೆ ಕಾಣುವ ಬೆಳಕು ಮಾಡುತ್ತದೆ. ಟ್ಯೂಬ್‌ಲೈಟೂ ಅಷ್ಟೇ. ಈಗಿನ ಎಲ್‌ಇಡಿಯಲ್ಲಿ ಮಾತ್ರ ಈ ರಗಳೆ ಇಲ್ಲ.

ಅಡುಗೆಮನೆಯಲ್ಲಿ ನಡುಗುತ್ತಾ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ರಾತ್ರಿ ಹತ್ತೂವರೆ. ವಿಷಯ ಕೇಳಿ ಅಮ್ಮ ಬೈದರು. "ಒಂದು ಬಲ್ಬಿಗೆ ಇಷ್ಟೊಂದಾ? ಈ ಚಳೀಲಿ ಮಗೂನ ಕೂರಿಸಿದೀರಲ್ಲೋ, ಶೀತ ಆದ್ರೆ ಏನು ಮಾಡ್ತೀರ?"

ಅಮ್ಮನ ಮಾತು ಪೂರ್ತಿ ತಪ್ಪೂ ಅಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಕ್ಕ ಮನೆಯ ಥರ್ಮಾಮೀಟರ್ ಒಡೆದಿದ್ದಳು. ಬೆಳ್ಳಿ ಮಣಿಯಂಥ ಹನಿಗಳು ನೆಲದ ಮೇಲೆ ಓಡಾಡಿದವು. ಇಬ್ಬರೂ ಅಂಗೈಮೇಲೆ ಉರುಳಿಸಿ ಆಡಿದೆವು. ಹೋಮಿಯೋಪತಿ ಮಾತ್ರೆಯ ಪುಟ್ಟ ಬಾಟಲಿಗೆ ತುಂಬಿ ನಾನು ಸ್ಕೂಲಿಗೂ ಒಯ್ದಿದ್ದೆ. ಆ ಒಂದು ವಾರ ಕ್ಲಾಸಿನಲ್ಲಿ ನನಗೆ ಎಷ್ಟು ಮರ್ಯಾದೆ! ಆ ಥರದ ಜ್ವರದ ಕಡ್ಡಿಯಲ್ಲಿ ಸುಮಾರು ಅರ್ಧ ಗ್ರಾಂ ಪಾದರಸ ಇರುತ್ತಿತ್ತು. ಯುರೋಪಿನಲ್ಲಿ ಮನೆಬಳಕೆಯ ಸಿಎಫ್‌ಎಲ್‌ಗೆ ಮೊದಲು 5 ಮಿಲಿಗ್ರಾಂ ಮಿತಿ ಇತ್ತು, 2013ರಿಂದ ಅದು 2.5ಕ್ಕೆ ಇಳಿಯಿತು. ಅಂದರೆ ನಾನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದು ನೂರಿನ್ನೂರು ಬಲ್ಬಿನ ಪಾದರಸ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಒಂದು ಬಲ್ಬು ಒಡೆದ ಮಾತ್ರಕ್ಕೆ ಜೀವಕ್ಕೇನೂ ಆಗುವುದಿಲ್ಲ ಅನ್ನಲು ಹೇಳಿದೆ. 2007ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಒಬ್ಬರ ಮನೆಯಲ್ಲಿ ಇಂಥದ್ದೇ ಒಂದು ಬಲ್ಬ್ ಒಡೆದಾಗ, ಸ್ವಚ್ಛ ಮಾಡಲು 2000 ಡಾಲರ್ ಆಗುತ್ತದೆ ಅಂದಿದ್ದರು. ಅದು ಅತಿಯಾಯಿತು. ಕಿಟಕಿ ತೆಗೆದು, ರಟ್ಟು, ಟೇಪು, ಬಾಟಲಿ ಅಷ್ಟು ಸಾಕು.

ಜರ್ಮನ್ನರೇನು ಹುಟ್ಟಾ ಶಿಸ್ತಿನವರು ಅಂದುಕೊಳ್ಳಬೇಡಿ. 2009ರ ಸೆಪ್ಟೆಂಬರಿನಿಂದ ಯುರೋಪಿನಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬು ಬಂದ್ ಆದಾಗ ಇಲ್ಲಿಯ ಜನ ಅದನ್ನು ಡಬ್ಬಗಟ್ಟಲೆ ಕೂಡಿಟ್ಟರು. ಇನ್ನು ಇಬ್ಬರು 2010ರಲ್ಲಿ ಅದೇ ಬಲ್ಬಿಗೆ "ಹೀಟ್‌ಬಾಲ್" ಅಂತ ಹೆಸರಿಟ್ಟು, ಇದು ಬಲ್ಬಲ್ಲ, ಪುಟ್ಟ ಹೀಟರು ಅಂತ ಮಾರಲು ಹೊರಟಿದ್ದರು. ನಮ್ಮವರನ್ನೂ ಮೀರಿಸುವ ತಲೆ!

ಆದರೆ ಅವತ್ತಿನ ಕಥೆಯಲ್ಲಿ ನನಗೆ ನಾಟಿದ್ದು ಮನೆಯೊಳಗೆ ನಡೆದದ್ದಲ್ಲ, ಶನಿವಾರ ನಡೆದದ್ದು. ಬಾಟಲಿ ಹಿಡಿದು ಊರಿನ ಕಸದ ಅಂಗಳಕ್ಕೆ ಹೋದೆ. ಅದಕ್ಕೆ ಅವರ ಹೆಸರು ವೆರ್ಟ್‌ಷ್ಟೋಫ್‌ಹೋಫ್, ಬೆಲೆಬಾಳುವ ಸಾಮಾನಿನ ಅಂಗಳ ಅಂತ ಅರ್ಥ. ಅಲ್ಲಿ ಟ್ಯೂಬಿಗೆ ಒಂದು ಉದ್ದನೆಯ ಪೆಟ್ಟಿಗೆ, ಬಲ್ಬಿಗೆ ಇನ್ನೊಂದು. ನಾನು ಬಲ್ಬಿನ ಪೆಟ್ಟಿಗೆ ಕಡೆ ನಡೆದೆ. ಕಿತ್ತಳೆ ಬಣ್ಣದ ಬಟ್ಟೆ ತೊಟ್ಟ ಆಸಾಮಿ ದೂರದಿಂದಲೇ ಕೈ ಅಡ್ಡ ಮಾಡಿದ. ಒಡೆದದ್ದಾದರೆ ಪೇಂಟು, ಬ್ಯಾಟರಿ ತಗೊಳ್ಳುವ ಕೌಂಟರಿಗೆ ಹೋಗು ಅಂದ. ಅಲ್ಲಿದ್ದ ಹೆಂಗಸು ದಪ್ಪ ಗ್ಲೌಸಿನ ಕೈಯಲ್ಲಿ ಬಾಟಲಿ ತಗೊಂಡು, ಮುಚ್ಚಳ ತಿರುಗಿಸಿ ಬಿಗಿ ಇದೆಯಾ ನೋಡಿ, ಒಂದು ಡ್ರಮ್ಮಿನೊಳಗೆ ಇಟ್ಟಳು. ಎರಡು ನಿಮಿಷದ ಕೆಲಸ. ದುಡ್ಡು ಕೇಳಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಹಾಸನ ಜಿಲ್ಲೆಯ ಸಣ್ಣ ಪಟ್ಟಣ ನಮ್ಮದು. ಅಪ್ಪ ಮನೆಯ ಟ್ಯೂಬ್‌ಲೈಟೆಲ್ಲ ತೆಗೆಸಿ ಎಲ್‌ಇಡಿ ಪಟ್ಟಿ ಹಾಕಿಸಿದ್ದರು. ಹಳೇ ನಾಲ್ಕು ಟ್ಯೂಬುಗಳು ಹಿತ್ತಲ ಬಾಗಿಲ ಹಿಂದೆ, ಕೊಡೆಗಳ ಪಕ್ಕ ಒರಗಿಕೊಂಡಿದ್ದವು. ಯಾರೋ ಬಾಗಿಲು ಜೋರಾಗಿ ತಳ್ಳಿದರು, ಒಂದು ಜಾರಿ ಬಿತ್ತು. ಟ್ಯೂಬ್ ಒಡೆಯುವ ಸದ್ದು ನಿಮಗೆ ಗೊತ್ತಲ್ವಾ? ಚಿಕ್ಕಂದಿನಲ್ಲಿ ಆ ಢಂ ಸದ್ದು ಕೇಳುವುದಕ್ಕೇ ನಾವು ತಿಪ್ಪೆ ಪಕ್ಕ ಕಲ್ಲು ಹೊಡೆಯುತ್ತಿದ್ದೆವು. ಗಾಳಿಪಟದ ಮಾಂಜಾಕ್ಕೆ ಅದೇ ಗಾಜನ್ನು ಕುಟ್ಟಿ ಪುಡಿ ಮಾಡುತ್ತಿದ್ದ ಹುಡುಗರೂ ಇದ್ದರು, ಬರಿಗೈಯಲ್ಲಿ, ಮೂಗಿನ ಹತ್ತಿರ.

ನಾನು ಸ್ಟುಟ್‌ಗಾರ್ಟ್ ಅಜ್ಜಿಯ ಪಾತ್ರ ಮಾಡಲು ಎದ್ದೆ. ಅಷ್ಟರಲ್ಲಿ ಅಮ್ಮ ಶುರು ಮಾಡಿಯಾಗಿತ್ತು. "ಎಲ್ರೂ ಚಪ್ಪಲಿ ಹಾಕ್ಕೊಳ್ಳಿ ಮೊದ್ಲು. ಮಗೂನ ಎತ್ಕೋ." ಕಿಟಕಿ ತೆಗೆಯುವ ಮಾತೇ ಇಲ್ಲ, ನಮ್ಮ ಹಿತ್ತಲ ಕೋಣೆಯ ಕಿಟಕಿ ವರ್ಷವಿಡೀ ತೆಗೆದೇ ಇರುತ್ತದೆ. ಹೀಟರ್ ಇಲ್ಲ. ಕಾರ್ಪೆಟ್ ಇಲ್ಲ, ನುಣ್ಣನೆಯ ಕೆಂಪು ರೆಡ್ ಆಕ್ಸೈಡ್ ನೆಲ. ವ್ಯಾಕ್ಯೂಮ್ ಅಂತೂ ಇಲ್ಲವೇ ಇಲ್ಲ. ಪೊರಕೆ ತೆಗೆದುಕೊಳ್ಳುತ್ತಿದ್ದ ಅಮ್ಮನನ್ನು ತಡೆದು, ಪುಡಿ ಏಳುತ್ತೆ ಅಂತ ಹಳೇ ಕ್ಯಾಲೆಂಡರಿನ ರಟ್ಟು ಕೊಟ್ಟೆ. ಗೊಣಗಿದರು, ಆದರೂ ಅದರಲ್ಲೇ ಗೋರಿದರು. ಸಣ್ಣ ಚೂರುಗಳಿಗೆ ಟೇಪ್ ಹುಡುಕುತ್ತಿದ್ದೆ. ಅಮ್ಮ ಅಡುಗೆಮನೆಗೆ ಹೋಗಿ, ರಾತ್ರಿಗೆ ಕಲಸಿಟ್ಟ ಚಪಾತಿ ಹಿಟ್ಟಿನಿಂದ ನಿಂಬೆಹಣ್ಣಿನ ಗಾತ್ರದ ಉಂಡೆ ಕಿತ್ತು ತಂದರು. ಅದನ್ನು ನೆಲದ ಮೇಲೆ ಒತ್ತೊತ್ತಿ ಎತ್ತುತ್ತಾ ಹೋದರು. ಕಣ್ಣಿಗೆ ಕಾಣದ ಚೂರೂ ಹಿಟ್ಟಿಗೆ ಅಂಟಿಕೊಂಡು ಮೇಲೆ ಬಂತು. ಬಿಳೀ ಪುಡಿಯೂ ಬಂತು. ಜರ್ಮನ್ ಟೇಪಿಗಿಂತ ಇದೇ ವಾಸಿ ಅನಿಸಿತು, ಸುಮ್ನೆ ಹೇಳುತ್ತಿಲ್ಲ. ಆ ಉಂಡೆಯನ್ನು ತೆಂಗಿನ ಬುಡಕ್ಕೆ ಎಸೆಯಲು ಹೊರಟವರನ್ನು ತಡೆದು ಅದನ್ನೂ ಹಾರ್ಲಿಕ್ಸ್ ಬಾಟಲಿಗೆ ಹಾಕಿಸಿದೆ.

ಇಲ್ಲೇ ನನ್ನ ಲೆಕ್ಕ ತಿರುಗಿದ್ದು. ಇಷ್ಟು ದಿನ ನಾನು, ಅವರಿಗೆ ತಿಳಿವಳಿಕೆ ಇದೆ, ನಮಗಿಲ್ಲ ಅಂದುಕೊಂಡಿದ್ದೆ. ನೋಡಿದರೆ ಬಲ್ಬು ಒಡೆಯುವುದಕ್ಕೆ ನಮ್ಮ ಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಚಳಿಗೆ ಹೆದರಿ ಡಬ್ಬಿಯ ಹಾಗೆ ಮುಚ್ಚಿಟ್ಟ ಮನೆಗೆ, ಕಾರ್ಪೆಟ್ ಹಾಸಿದ ನೆಲಕ್ಕೆ ಆ ನಿಯಮಗಳೆಲ್ಲ ಬೇಕು. ಅವರ ಅಪಾಯ ಮನೆಯೊಳಗೇ ಮುಗಿಯುತ್ತದೆ. ನಮ್ಮದು ಗೇಟು ದಾಟಿದ ಮೇಲೆ ಶುರುವಾಗುತ್ತದೆ.

ಬಾಟಲಿ ತುಂಬಿತು. ಇನ್ನು ಎಲ್ಲಿಗೆ ಕೊಡುವುದು? ಸ್ಥಳೀಯ ಕಚೇರಿಗೆ ಫೋನ್ ಮಾಡಿದೆ. "ಒಣ ಕಸಕ್ಕೆ ಹಾಕಿ ಸಾರ್" ಅಂದರು. ಪಾದರಸ ಇದೆಯಲ್ಲ ಅಂದೆ. "ಒಡೆದು ಹೋಗಿದೆಯಲ್ಲ ಸಾರ್, ಇನ್ನೇನಿರುತ್ತೆ?" ಕಾನೂನು ಇಲ್ಲ ಅಂತಲ್ಲ. ಘನತ್ಯಾಜ್ಯದ 2016ರ ನಿಯಮಗಳು ಸಿಎಫ್‌ಎಲ್, ಟ್ಯೂಬ್‌ಲೈಟ್, ಒಡೆದ ಥರ್ಮಾಮೀಟರುಗಳನ್ನು ಮನೆಯ ಅಪಾಯಕಾರಿ ಕಸ ಅಂತ ಹೆಸರಿಟ್ಟೇ ಕರೆದಿದ್ದವು, ಬೇರೆ ಇಡಬೇಕು ಅಂತಲೂ ಹೇಳಿದ್ದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಇಂಥ ದೀಪಗಳನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. ಹಾಳೆಯ ಮೇಲೆ ನಾವು ಜರ್ಮನಿಗಿಂತ ಕಡಿಮೆಯೇನಲ್ಲ.

ಮಾರನೇ ದಿನ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಅಮ್ಮ ಯಾವತ್ತೂ ಗಾಜನ್ನು ಪೇಪರಿನಲ್ಲಿ ಸುತ್ತಿ, "ಗಾಜಿದೆ ಕಣಮ್ಮ, ಹುಷಾರು" ಅಂತ ಹೇಳಿಯೇ ಕೊಡುವುದು. ಗಾಡಿಯ ಹೆಂಗಸಿಗೆ ಉಳಿದ ಮೂರು ಟ್ಯೂಬ್ ತೋರಿಸಿ, ಇವನ್ನು ಏನು ಮಾಡ್ತೀರ ಅಂತ ಕೇಳಿದೆ. ಗ್ಲೌಸ್ ಇರಲಿಲ್ಲ, ಎಡಗೈಯ ಎರಡು ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡಿದ್ದರು.

"ಒಡ್ಕೊಟ್ರೆ ಸಲೀಸು ಅಣ್ಣ. ಉದ್ದಕಿದ್ರೆ ಗಾಡೀಲಿ ಹಿಡಿಯಲ್ಲ. ನಾವೇ ಹಿಂಗೆ ಕಟ್ಟೆಗೆ ಹೊಡ್ದು ಹಾಕ್ಕೊಂತೀವಿ."

ದಿನಕ್ಕೆ ಎಷ್ಟು ಮನೆ, ತಿಂಗಳಿಗೆ ಎಷ್ಟು ಟ್ಯೂಬು ಅಂತ ಕೇಳುವ ಧೈರ್ಯ ಬರಲಿಲ್ಲ. ನಾವು ಒಂದು ಬಲ್ಬಿಗೆ ಹದಿನೈದು ನಿಮಿಷ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಈಕೆ ದಿನವೂ ಮುಖದ ಹತ್ತಿರವೇ ಒಡೆಯುತ್ತಾರೆ.

2009ರಲ್ಲಿ ಕೇಂದ್ರದವರು ಬಚತ್ ಲ್ಯಾಂಪ್ ಯೋಜನೆ ಅಂತ ತಂದು, ಹಳೇ ಬಲ್ಬು ಕೊಟ್ಟರೆ 15 ರೂಪಾಯಿಗೆ ಸಿಎಫ್‌ಎಲ್ ಕೊಡುತ್ತೇವೆ ಅಂದರು. 2015ರಲ್ಲಿ ಉಜಾಲಾ ಯೋಜನೆ ಬಂತು, 36 ಕೋಟಿಗೂ ಜಾಸ್ತಿ ಎಲ್‌ಇಡಿ ಹಂಚಿಕೆಯಾಯಿತು. ಒಳ್ಳೆಯ ಕೆಲಸವೇ, ಬಿಲ್ಲೂ ಇಳಿಯಿತು. ಆದರೆ ಮನೆಯಿಂದ ಇಳಿದ ಸಿಎಫ್‌ಎಲ್ ಎಲ್ಲಿ ಅಂತ ನಮ್ಮ ಬೀದಿಗೆ ಬಂದು ಯಾರೂ ಕೇಳಲಿಲ್ಲ. ಪಾದರಸ ಸುಮ್ಮನೆ ಮಾಯವಾಗುವ ವಸ್ತುವಲ್ಲ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲೇ ಮುಚ್ಚಿತು, ಅಲ್ಲಿಯ ಮಣ್ಣಿಗೆ ಸೇರಿದ ಪಾದರಸದ ಜಗಳ ಎಷ್ಟೋ ವರ್ಷ ಎಳೆಯಿತು.

ಹಾಗಂತ ನಮ್ಮೂರಿಗೂ ಒಂದು ವೆರ್ಟ್‌ಷ್ಟೋಫ್‌ಹೋಫ್ ಕಟ್ಟಿ ಅನ್ನುವವನು ನಾನಲ್ಲ. ಕಟ್ಟುತ್ತಾರೆ, ಉದ್ಘಾಟನೆ ಮಾಡುತ್ತಾರೆ, ಬೀಗ ಹಾಕುತ್ತಾರೆ. ನಮ್ಮಲ್ಲಿ ಅದಕ್ಕಿಂತ ಚುರುಕಾದ ಏರ್ಪಾಡು ಮೊದಲಿಂದಲೂ ಇದೆ. ಗುಜರಿಯವನು. ಹಳೇ ಪೇಪರ್, ಕಬ್ಬಿಣ, ಖಾಲಿ ಬಾಟಲಿ, ಕೆಟ್ಟ ಮಿಕ್ಸಿ, ಒಂದನ್ನೂ ಬಿಡದೆ ಬಾಗಿಲಿಗೇ ಬಂದು, ತೂಕ ಹಾಕಿ, ದುಡ್ಡು ಎಣಿಸಿ ಒಯ್ಯುತ್ತಾನೆ. ಜರ್ಮನಿಯಲ್ಲಿ ನಾನೇ ಕಾರಿನಲ್ಲಿ ಹೊತ್ತೊಯ್ಯಬೇಕು. ಟ್ಯೂಬ್‌ಲೈಟ್ ತೋರಿಸಿದರೆ ಮಾತ್ರ ನಮ್ಮ ಗುಜರಿಯವನು "ಅದು ಬ್ಯಾಡ ಸಾರ್, ದುಡ್ಡಾಗಲ್ಲ" ಅನ್ನುತ್ತಾನೆ. ದುಡ್ಡಾಗುವಂತೆ ಮಾಡಿ ನೋಡಿ. ಒಡೆಯದ ಟ್ಯೂಬಿಗೆ ಎರಡು ರೂಪಾಯಿ, ಬಲ್ಬಿಗೆ ಒಂದು. ತಯಾರಕರು ಕೊಡಲಿ, ಕಾನೂನು ಅವರ ತಲೆಗೇ ಕಟ್ಟಿದೆ. ಒಂದು ಟ್ಯೂಬೂ ಒಡೆಯದ ಹಾಗೆ, ಹಾಸಿಗೆಯಲ್ಲಿ ಸುತ್ತಿ ತರುತ್ತಾನೆ ನಮ್ಮ ಗುಜರಿಯವನು. ಮೊಟ್ಟೆ ಟ್ರೇ ಸೈಕಲ್ಲಿನಲ್ಲಿ ತರುವ ಊರು ನಮ್ಮದು.

ಸಿಎಫ್‌ಎಲ್ ಕಾಲ ಮುಗಿಯುತ್ತಿದೆ, ನಿಜ. ಯುರೋಪಿನಲ್ಲಿ ಅದನ್ನು ಹೊಸದಾಗಿ ಮಾರುಕಟ್ಟೆಗೆ ತರುವಂತಿಲ್ಲ. ಪಾದರಸದ ಬಳಕೆ ತಗ್ಗಿಸಲು ದೇಶದೇಶಗಳು ಸೇರಿ ಮಾಡಿಕೊಂಡ, ಭಾರತವೂ 2018ರಲ್ಲಿ ಒಪ್ಪಿಕೊಂಡ ಮಿನಮಾಟಾ ಒಪ್ಪಂದದ ಪ್ರಕಾರ ಟ್ಯೂಬ್‌ಲೈಟಿನ ಸರದಿಯೂ ಬರುತ್ತಿದೆ. ತಯಾರಿ ನಿಲ್ಲಬಹುದು. ಬಾಗಿಲ ಹಿಂದೆ, ಅಟ್ಟದ ಮೇಲೆ, ಮುಚ್ಚಿದ ಅಂಗಡಿಗಳ ಗೋಡೌನಿನಲ್ಲಿ ಇರುವುದು ಇನ್ನೂ ಇಳಿಯಬೇಕಲ್ಲ.

ನಾವು ಹೊರಡುವ ಹಿಂದಿನ ದಿನ ಅಮ್ಮ ಆ ಮೂರು ಟ್ಯೂಬನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಹಾರ್ಲಿಕ್ಸ್ ಬಾಟಲಿಗೆ ಒಂದು ಚೀಟಿ ಅಂಟಿಸಿ, ಅವರ ದುಂಡು ಅಕ್ಷರದಲ್ಲಿ "ಪಾದರಸ, ಮುಟ್ಟಬೇಡಿ" ಅಂತ ಬರೆದು ಪಕ್ಕದಲ್ಲಿಟ್ಟರು. ಈಗ ಭಾನುವಾರದ ಫೋನಿನಲ್ಲಿ ಹವಾಮಾನ, ಮಂಡಿನೋವು, ಮೊಮ್ಮಗಳ ಊಟ ಎಲ್ಲ ಆದ ಮೇಲೆ ಕೊನೆಗೆ ಒಂದು ಮಾತು ಬಂದೇ ಬರುತ್ತದೆ.

"ನಿನ್ ಬಾಟ್ಲಿ ಇನ್ನೂ ಅಟ್ಟದ ಮೇಲೇ ಇದೆ ಕಣೋ. ಏನ್ ಮಾಡ್ಲಿ ಹೇಳು?"