ಬಿ.ಎ. ಹುಡುಗರ ಕೈಗೆ ಅಚ್ಚುಮೊಳೆ ಕೊಡಿ

ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಮಕ್ಕಳ ಓದಿನ ಮಾತು ಬಂದೇ ಬರುತ್ತದೆ. ಇಂಜಿನಿಯರಿಂಗ್ ಅಂದರೆ ಯಾವ ಕಾಲೇಜು ಅಂತ ಕೇಳುತ್ತಾರೆ. ಬಿ.ಕಾಂ. ಅಂದರೆ ಜೊತೆಗೆ ಸಿ.ಎ. ಮಾಡ್ತಾನಾ ಅಂತ ಕೇಳುತ್ತಾರೆ. ಬಿ.ಎ. ಅಂದರೆ ಮಾತ್ರ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, "ಓ, ಐಎಎಸ್‌ಗೆ ಕೂರ್ತಾನೇನೋ" ಅಂತ ತಾವೇ ಸಮಾಧಾನ ಹೇಳುತ್ತಾರೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಓದುವುದೇ ಒಂದು ಓದು, ಅದಕ್ಕೆ ಬೇರೆ ಸಬೂಬು ಬೇಕಿಲ್ಲ ಅನ್ನುವ ನಂಬಿಕೆ ನಮ್ಮೂರಿನಲ್ಲಿ ಕರಗಿಹೋಗಿದೆ. ಇದು ನನಗೆ ನಿಜವಾಗಿ ಸಂಕಟದ ವಿಷಯ.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಕ್ಲೇರ್‌ಮಾಂಟ್ ಊರಿಗೆ ಹತ್ತಿರ. ಅಲ್ಲಿ ಸ್ಕ್ರಿಪ್ಸ್ ಕಾಲೇಜು ಅಂತ ಹೆಣ್ಣುಮಕ್ಕಳ ಕಾಲೇಜು ಇದೆ. 1926ರಲ್ಲಿ ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಎಂಬ ಪತ್ರಿಕೋದ್ಯಮದ ಹೆಣ್ಣುಮಗಳು ಕಟ್ಟಿದ್ದು. ಇಡೀ ಕಾಲೇಜಿಗೆ ಸೇರಿ ಸಾವಿರದ ಆಸುಪಾಸು ವಿದ್ಯಾರ್ಥಿನಿಯರು, ಹೆಚ್ಚುಕಡಿಮೆ ಎಲ್ಲರೂ ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ನನ್ನ ಮಗಳು ಅಲ್ಲೇ ಓದಿದಳು. ಹಾಗಾಗಿ ಆ ಓದಿನ ರೀತಿಯನ್ನು ಹತ್ತಿರದಿಂದ ನೋಡಿದ್ದೇನೆ.

ಅಲ್ಲಿ ಮುಂದೆ ಯಾವ ವಿಷಯ ಹಿಡಿದರೂ, ವಿಜ್ಞಾನವೇ ಆಗಲಿ, ಮೊದಲು ಮಾನವಿಕದ ಮೂರು ಕೋರ್ಸು ಓದಲೇಬೇಕು. ಮೊದಲನೇ ವರ್ಷದವರೆಲ್ಲ ಒಂದೇ ಹೊತ್ತಿನಲ್ಲಿ ಮೊದಲ ಕೋರ್ಸು ತೆಗೆದುಕೊಳ್ಳುತ್ತಾರೆ. ಅಂದರೆ ಊಟದ ಮನೆಯಲ್ಲಿ ಪಕ್ಕ ಕೂತವಳೂ ಅದನ್ನೇ ಓದಿರುತ್ತಾಳೆ. ಕ್ಲಾಸಿನಲ್ಲಿ ಶುರುವಾದ ಜಗಳ ರಾತ್ರಿ ಕಾರಿಡಾರಿನವರೆಗೂ ಬರುತ್ತದೆ. ಒಟ್ಟಿಗೆ ಇರುವುದರ ಲಾಭವೇ ಇದು.

ಆದರೆ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಅಲ್ಲಿನ ಮುದ್ರಣಾಲಯ. 1941ರಲ್ಲಿ ಶುರುವಾದ ಪುಟ್ಟ ಪ್ರೆಸ್ಸು. ಫ್ರೆಡರಿಕ್ ಗೌಡಿ ಎಂಬ ಹೆಸರಾಂತ ಅಕ್ಷರ ವಿನ್ಯಾಸಗಾರರು ಈ ಕಾಲೇಜಿಗೆಂದೇ ಒಂದು ಅಚ್ಚಕ್ಷರ ರೂಪಿಸಿಕೊಟ್ಟರು. ಇವತ್ತಿಗೂ ಅಲ್ಲಿ ಪುಸ್ತಕ ಮಾಡುವುದು ಒಂದು ಪಾಠ. ಅದಕ್ಕೆ ಅಂಕ ಇದೆ, ಕ್ರೆಡಿಟ್ ಇದೆ. ವಿದ್ಯಾರ್ಥಿನಿಯರು ತಾವೇ ವಿಷಯ ಆರಿಸಿ, ತಾವೇ ಬರೆದು, ಸೀಸದ ಮೊಳೆ (ಒಂದೊಂದು ಅಕ್ಷರದ ಅಚ್ಚು) ಒಂದೊಂದಾಗಿ ಜೋಡಿಸಿ, ಲಿನೋಲಿಯಂ ಕೆತ್ತಿ ಚಿತ್ರ ಮಾಡಿ, ಅಚ್ಚು ಹಾಕಿ, ಕೈಯಲ್ಲೇ ಹೊಲಿದು ಬೈಂಡ್ ಮಾಡುತ್ತಾರೆ. ನೂರರ ಆಸುಪಾಸು ಪ್ರತಿ, ಅಷ್ಟೇ. ಅವು ದೊಡ್ಡ ದೊಡ್ಡ ಲೈಬ್ರರಿಗಳ ಅಪರೂಪದ ಪುಸ್ತಕಗಳ ಕಪಾಟಿಗೆ ಹೋಗುತ್ತವೆ.

ಮಗಳು ಇತಿಹಾಸದ ವಿದ್ಯಾರ್ಥಿನಿ. ಆ ಕೋರ್ಸು ತೆಗೆದುಕೊಂಡಾಗ ಅವಳ ಪಾಲಿಗೆ ಬಂದದ್ದು ಎರಡೇ ಪುಟ. ಕಂಪ್ಯೂಟರಿನಲ್ಲಿ ಬರೆದಾಗ ಅವಳ ಬರಹ ಉದ್ದುದ್ದ ಇರುತ್ತಿತ್ತು. 'ಒಂದು ರೀತಿಯಲ್ಲಿ ನೋಡಿದರೆ' ಅನ್ನುವಂಥ ಪದಗಳು ಸಾಲಿಗೊಂದು. ಮೊಳೆ ಜೋಡಿಸಲು ಕೂತ ಮೊದಲ ದಿನವೇ ಆ ಪದಗಳು ಉದುರಿದವು. ಏಕೆಂದರೆ ಒಂದೊಂದು ಅಕ್ಷರವನ್ನೂ ಬೆರಳಿನಲ್ಲಿ ಹೆಕ್ಕಿ, ಸ್ಟಿಕ್ಕಿನಲ್ಲಿ, ಅಂದರೆ ಸಾಲು ಜೋಡಿಸುವ ಕೈತಟ್ಟೆಯಲ್ಲಿ, ತಲೆಕೆಳಗಾಗಿ ನಿಲ್ಲಿಸಬೇಕು. ಬೇಡದ ಪದಕ್ಕೆ ಬೆನ್ನು ನೋಯುತ್ತದೆ. ಒಂದು ವಾಕ್ಯ ಇರಬೇಕೋ ಬೇಡವೋ ಅಂತ ಅವಳ ಗುಂಪು ಇಡೀ ಸಂಜೆ ವಾದ ಮಾಡಿತಂತೆ. ಕೊನೆಗೆ ತೆಗೆದರು. ಇಷ್ಟು ಚೆನ್ನಾಗಿ ಬರವಣಿಗೆ ಕಲಿಸುವ ಮೇಷ್ಟ್ರು ಇನ್ನೊಬ್ಬರಿಲ್ಲ ಅಂತ ನನಗೆ ಅವತ್ತು ಅನಿಸಿತು.

ಈಗ ಬೆಂಗಳೂರಿಗೆ ಬರೋಣ.

ಹೋದ ಸಲ ಊರಿಗೆ ಬಂದಾಗ ಸುಲ್ತಾನಪೇಟೆ ಕಡೆ ಓಡಾಡಿದೆ. ಲಗ್ನಪತ್ರಿಕೆ ಅಂಗಡಿಗಳು, ಪೇಪರ್ ವ್ಯಾಪಾರಿಗಳು, ಬೈಂಡಿಂಗ್ ಮಾಡುವವರು. ಸ್ವಲ್ಪ ದೂರ ನಡೆದರೆ ಅವೆನ್ಯೂ ರೋಡು, ಹಳೇ ಪುಸ್ತಕ, ಲೆಕ್ಕದ ಪುಸ್ತಕ. ಒಂದು ಓಣಿಯ ಒಳಗಿನ ಪ್ರೆಸ್ಸಿನಲ್ಲಿ ಟ್ರೆಡಲ್ ಅನ್ನುವ ಹಳೇ ಅಚ್ಚಿನ ಮೆಷಿನ್ ಇನ್ನೂ ಓಡುತ್ತಿತ್ತು. ಅದರಲ್ಲಿ ಅಕ್ಷರ ಅಚ್ಚಾಗುತ್ತಿರಲಿಲ್ಲ. ಬಿಲ್ ಪುಸ್ತಕಕ್ಕೆ ನಂಬರ್ ಹಾಕುವುದು, ಹರಿಯಲು ತೂತಿನ ಗೆರೆ ಹೊಡೆಯುವುದು, ಕಾರ್ಡಿಗೆ ಮಡಿಕೆ ಕೊಡುವುದು, ಇಷ್ಟಕ್ಕೇ ಅದು ಉಳಿದಿದೆ. ಕನ್ನಡದ ಮೊಳೆ ತುಂಬಿದ ಮರದ ಕೇಸುಗಳು ಮೆಟ್ಟಿಲ ಕೆಳಗೆ ದೂಳು ಹಿಡಿದು ಬಿದ್ದಿದ್ದವು. ಬೇಕಾದಷ್ಟನ್ನು ಆಗಲೇ ಗುಜರಿಗೆ ತೂಕಕ್ಕೆ ಹಾಕಿ ಆಗಿತ್ತು.

ಅಲ್ಲಿ ಮೊಳೆ ಜೋಡಿಸುವ ಹಿರಿಯ ಕಂಪೋಸಿಟರ್ ಒಬ್ಬರಿಗೆ ಮಗಳ ಪುಸ್ತಕದ ಫೋಟೋ ತೋರಿಸಿದೆ.

"ಅಮೆರಿಕದಲ್ಲಿ ಇನ್ನೂ ಮೊಳೆ ಜೋಡಿಸ್ತಾರಾ ಸಾರ್?"

"ಜೋಡಿಸ್ತಾರೆ ಯಜಮಾನ್ರೇ. ಕಾಲೇಜು ಮಕ್ಕಳು ದುಡ್ಡು ಕೊಟ್ಟು ಕಲೀತಾರೆ."

"ನಾವು ಸಂಬಳ ಕೊಡ್ತೀವಿ ಅಂದ್ರೂ ಇಲ್ಲಿ ಯಾರೂ ಬರ್ಲಿಲ್ಲ ನೋಡಿ."

ಆಮೇಲೆ ಒಂದು ಕೇಸು ಎಳೆದು, ಬಟ್ಟೆಯಲ್ಲಿ ಒರೆಸಿ, ನನ್ನ ಮುಂದೆ ಇಟ್ಟರು. 'ರಾಷ್ಟ್ರ' ಅಂತ ಜೋಡಿಸಿ ತೋರಿಸಿದರು. 'ರಾ' ಒಂದು ಖಾನೆ. 'ಷ' ಇನ್ನೊಂದು. ಅದರ ಬುಡಕ್ಕೆ 'ಟ' ಒತ್ತು ಬೇರೆ ಮೊಳೆ, 'ರ' ಒತ್ತು ಮತ್ತೊಂದು. ಕಣ್ಣು ಕೇಸಿನ ಕಡೆ ಹೋಗಲೇ ಇಲ್ಲ, ಬೆರಳು ಮಾತ್ರ ಹೋಯಿತು. ಇಂಗ್ಲಿಷಿಗೆ ಸಣ್ಣಕ್ಷರ ದೊಡ್ಡಕ್ಷರ ಸೇರಿಸಿದರೂ ಮೊಳೆಗಳ ಲೆಕ್ಕ ಬೇಗ ಮುಗಿಯುತ್ತದೆ. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಖಾನೆಗಳು ನೂರಾರು. ಅಷ್ಟೂ ಖಾನೆಯ ಜಾಗ ಆ ಕೈಗೆ ಗೊತ್ತು. ಅವರಿಗೆ ವಯಸ್ಸಾಗಿದೆ. ಆ ತಿಳಿವಳಿಕೆ ಎಲ್ಲೂ ಬರೆದಿಟ್ಟಿಲ್ಲ, ಬರೆದಿಟ್ಟರೂ ಓದಿ ಬರುವಂಥದ್ದಲ್ಲ.

ಅದೇ ಊರಿನಲ್ಲಿ, ಆ ಪ್ರೆಸ್ಸಿನಿಂದ ನಡೆದೇ ಹೋಗಬಹುದಾದ ಕಾಲೇಜುಗಳಲ್ಲಿ, ಐಚ್ಛಿಕ ಕನ್ನಡ ಓದುವ ಮಕ್ಕಳಿದ್ದಾರೆ. ಕನ್ನಡವನ್ನೇ ಹಿಡಿದು ಮುಂದೆ ಹೋದವರಿಗೆ ಗ್ರಂಥಸಂಪಾದನೆ ಅಂತ ಒಂದು ವಿಷಯ ಬರುತ್ತದೆ, ಹಳೆಯ ಪ್ರತಿಗಳನ್ನು ಹೋಲಿಸಿ ಮೂಲಪಾಠ ಕಂಡುಕೊಳ್ಳುವ ವಿದ್ಯೆ. ಡಿ.ಎಲ್. ನರಸಿಂಹಾಚಾರ್ಯರಂಥ ದೊಡ್ಡ ವಿದ್ವಾಂಸರು ಕನ್ನಡದಲ್ಲಿ ಕಟ್ಟಿ ಬೆಳೆಸಿದ ಶಾಸ್ತ್ರ ಅದು. ಓಲೆ ನಕಲು ಮಾಡುವವನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆ, ಅಕ್ಷರ ಹೇಗೆ ಬಿಟ್ಟುಹೋಗುತ್ತದೆ, ಒಂದೇ ಪದ ಎರಡು ಸಲ ಹೇಗೆ ನುಸುಳುತ್ತದೆ, ಎಲ್ಲ ಅದರಲ್ಲಿದೆ. ಮಕ್ಕಳು ಇದನ್ನು ನೋಟ್ಸು ಮಾಡಿ ಬಾಯಿಪಾಠ ಹೊಡೆದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಒಂದೇ ಒಂದು ಪುಟ ಮೊಳೆ ಜೋಡಿಸಿ ಪ್ರೂಫ್ ತೆಗೆಯಲಿ. ಆ ತಪ್ಪುಗಳೆಲ್ಲ ತಮ್ಮ ಕೈಯಿಂದಲೇ ಬಂದು ಕಣ್ಣೆದುರು ನಿಲ್ಲುತ್ತವೆ. ಐನೂರು ವರ್ಷದ ಹಿಂದಿನ ಲಿಪಿಕಾರ ಅವತ್ತು ಅರ್ಥವಾಗುತ್ತಾನೆ.

ವಚನದ ವಿಷಯವೂ ಹಾಗೇ. ಓಲೆಗರಿಯಲ್ಲಿ ವಚನಗಳು ಇವತ್ತು ಪುಸ್ತಕದಲ್ಲಿ ಕಾಣುವ ಹಾಗೆ ಸಾಲು ಒಡೆದು ಇರುತ್ತಿರಲಿಲ್ಲ. ಗರಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮ. ಸಾಲು ಎಲ್ಲಿ ಮುರಿಯಬೇಕು ಅಂತ ತೀರ್ಮಾನ ಮಾಡಿದವರು ಸಂಪಾದಕರು ಮತ್ತು ಅಚ್ಚಿನ ಮನೆಯವರು. ಒಂದು ವಚನ ಕೊಟ್ಟು, 'ನೀನೇ ಸಾಲು ಒಡೆದು ಜೋಡಿಸು' ಅಂತ ವಿದ್ಯಾರ್ಥಿಗೆ ಹೇಳಿ ನೋಡಿ. ಎಲ್ಲಿ ಉಸಿರು ನಿಲ್ಲುತ್ತದೆ, ಅಂಕಿತ ಬೇರೆ ಸಾಲಿಗೆ ಬರಬೇಕಾ, ಅಂತ ಅವನು ಯೋಚಿಸಲೇಬೇಕು. ಹತ್ತು ಅಂಕದ ಟಿಪ್ಪಣಿಗಿಂತ ಜಾಸ್ತಿ ವಿಮರ್ಶೆ ಅಲ್ಲಿ ನಡೆಯುತ್ತದೆ.

ಇದು ಪರದೇಶದ ಫ್ಯಾಶನ್ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಓದು ಮತ್ತು ಅಚ್ಚು ಯಾವತ್ತೂ ಜೊತೆಯಾಗಿಯೇ ಬಂದಿವೆ. 1843ರಲ್ಲಿ ಜರ್ಮನ್ ಪಾದ್ರಿ ಮೊಗ್ಲಿಂಗ್ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ತೆಗೆದ ಅಚ್ಚಿನಲ್ಲಿ, ಬಂತು. ಫ.ಗು. ಹಳಕಟ್ಟಿಯವರು ವಚನಗಳನ್ನು ಮನೆಮನೆ ತಿರುಗಿ ಕೂಡಿಸಿದರು, 1923ರಲ್ಲಿ ಮೊದಲ ದೊಡ್ಡ ಸಂಗ್ರಹ ತಂದರು. ಆಮೇಲೆ ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ತೆರೆದರು, ಅದಕ್ಕಾಗಿ ಮನೆ ಮಾರಿದರು. ವಕೀಲರು ಅವರು. ವಿದ್ವತ್ತಿಗೆ ಪ್ರೆಸ್ಸು ಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಂಗಳೂರಿನ ಕಾಲೇಜುಗಳೂ ಹಿಂದೆ ಬಿದ್ದಿರಲಿಲ್ಲ. ನೂರು ವರ್ಷದ ಹಿಂದೆ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಡಿಸಿದರು. ಕಾಲೇಜಿನ ಒಳಗೆ ಹುಟ್ಟಿದ ಪತ್ರಿಕೆ ಇಡೀ ನಾಡಿನದ್ದಾಯಿತು. ನಮ್ಮ ಕಾಲಕ್ಕೆ ಹತ್ತಿರದ ಮಾತು ಹೇಳುವುದಾದರೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಚಿ. ಶ್ರೀನಿವಾಸರಾಜು ಮೇಷ್ಟ್ರು ಅಲ್ಲಿ ವಿದ್ಯಾರ್ಥಿಗಳ ಕವನ ಸ್ಪರ್ಧೆ ನಡೆಸಿ, ಗೆದ್ದ ಕವನಗಳನ್ನು ಪುಸ್ತಕ ಮಾಡುತ್ತಿದ್ದರು. ಸಾಲು ಸಾಲು ಪುಸ್ತಕ ಬಂತು, ಹುಡುಗರ ಜೇಬಿಗೆ ನಿಲುಕುವ ಬೆಲೆಗೆ. ಮುಂದೆ ಹೆಸರು ಮಾಡಿದ ಎಷ್ಟೋ ಬರಹಗಾರರ ಮೊದಲ ಅಚ್ಚು ಅಲ್ಲಿ ಆಯಿತು.

ಹಾಸ್ಟೆಲಿನ ಸಂಪ್ರದಾಯವೂ ನಮ್ಮಲ್ಲಿ ದೊಡ್ಡದು. ವಾರಾನ್ನ ಉಂಡು ಓದಿದವರ ಊರು ಇದು. ಆಮೇಲೆ ಮಠಗಳು, ಸಮುದಾಯಗಳು ಉಚಿತ ಹಾಸ್ಟೆಲು ಕಟ್ಟಿದವು. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು! ಮೇಷ್ಟ್ರು ಮತ್ತು ಹುಡುಗರು ಒಂದೇ ಸೂರಿನಡಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅವರಿಗಿಂತ ಸಾಕ್ಷಿ ಬೇಕಾ? ಈಗಿನ ಪಿ.ಜಿ.ಗಳಲ್ಲಿ ಆ ಸಂಗ ಇಲ್ಲ. ಮಲಗುವ ಜಾಗ, ವೈಫೈ, ಮೂರು ಹೊತ್ತು ಊಟ. ಇನ್ನು ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಟ್ರೈನು ಹತ್ತಿ ಬರುವ ಮಕ್ಕಳಿಗೆ ಕ್ಲಾಸು ಮುಗಿಯುತ್ತಿದ್ದಂತೆ ವಾಪಸ್ ಓಡುವ ಚಿಂತೆ.

ಅಂದರೆ ಕಾರಿಗರು ಇದ್ದಾರೆ, ಹಾಸ್ಟೆಲು ಇದೆ, ಕನ್ನಡ ಸಂಘ ಇದೆ, ಓದುವ ಮಕ್ಕಳಿದ್ದಾರೆ. ಎಲ್ಲ ಬೇರೆ ಬೇರೆ ಕಡೆ ಇವೆ. ಸರ್ಕಾರದ ಮಟ್ಟದಲ್ಲಿ ಆದ ಚರ್ಚೆಯೆಲ್ಲ ವರ್ಷದ ಲೆಕ್ಕದ ಮೇಲೆ. 2021ರಲ್ಲಿ ಪದವಿಗೆ ನಾಲ್ಕು ವರ್ಷ ಬಂತು. 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಬಿ.ಎ. ಹುಡುಗ ಏನನ್ನಾದರೂ ಮಾಡಿ ಮುಗಿಸುತ್ತಾನಾ ಅನ್ನುವ ಪ್ರಶ್ನೆ ನನ್ನ ಕಿವಿಗಂತೂ ಬೀಳಲಿಲ್ಲ. ವಿಜ್ಞಾನದವರಿಗೆ ಲ್ಯಾಬ್ ಇಲ್ಲದೆ ಪದವಿ ಕೊಡುವುದಿಲ್ಲ. ಸಾಹಿತ್ಯ, ಇತಿಹಾಸದವರಿಗೆ ಪ್ರೆಸ್ಸೇ ಲ್ಯಾಬು.

ಅಮೆರಿಕದ ರೀತಿಯನ್ನು ಹಾಗೇ ಎತ್ತಿಕೊಂಡು ಬನ್ನಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಖರ್ಚು ಭಯಂಕರ. ಸ್ಕ್ರಿಪ್ಸಿನಲ್ಲಿ ಇದ್ದು ಓದಲು ವರ್ಷಕ್ಕೆ 80 ಸಾವಿರ ಡಾಲರಿಗೂ ಜಾಸ್ತಿ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ನಮ್ಮಂಥವರು ಆ ಕಡೆ ತಲೆ ಹಾಕುವಂತಿಲ್ಲ. ನ್ಯೂಯಾರ್ಕ್ ರಾಜ್ಯದ ಅರೋರಾ ಎಂಬ ಸಣ್ಣ ಊರಿನ ವೆಲ್ಸ್ ಕಾಲೇಜಿನಲ್ಲಿ 1993ರಿಂದ ಪುಸ್ತಕ ಕಲೆಯ ಒಳ್ಳೆಯ ಕೇಂದ್ರ ಇತ್ತು. 1868ರಲ್ಲಿ ಶುರುವಾದ ಆ ಕಾಲೇಜು ಹಣದ ಮುಗ್ಗಟ್ಟಿನಿಂದ 2024ರಲ್ಲಿ ಬಾಗಿಲು ಹಾಕಿತು. ಆ ಸುದ್ದಿ ಓದಿದ ದಿನ ನನಗೆ ಸುಲ್ತಾನಪೇಟೆಯೇ ಕಣ್ಣ ಮುಂದೆ ಬಂತು. ಪ್ರೆಸ್ಸು ಎಲ್ಲಿದ್ದರೂ ಅದನ್ನು ಉಳಿಸಿಕೊಳ್ಳುವುದು ಕಷ್ಟವೇ.

ನಮ್ಮಲ್ಲಿ ಇದು ಅಷ್ಟು ದುಬಾರಿ ಆಗಬೇಕಿಲ್ಲ. ಮೆಷಿನ್ನು ಗುಜರಿ ಬೆಲೆಗೆ ಹೋಗುತ್ತಿದೆ. ಒಂದು ಟ್ರೆಡಲ್, ಒಂದು ಪ್ರೂಫ್ ಪ್ರೆಸ್ಸು, ಒಂದೆರಡು ಅಳತೆಯ ಕನ್ನಡ ಮೊಳೆ, ಹೊಲಿಗೆಯ ಚೌಕಟ್ಟು, ಕತ್ತರಿಸುವ ಯಂತ್ರ ಸಾಕು. ಸೀಸದ ಕೆಲಸವಾದ್ದರಿಂದ ಗಾಳಿ ಬೆಳಕು ಚೆನ್ನಾಗಿರುವ ಕೋಣೆ ಬೇಕು, ಕೈ ತೊಳೆಯುವ ಶಿಸ್ತು ಬೇಕು. ಕಲಿಸುವವರಿಗೆ ಪದವಿ ಇಲ್ಲವಲ್ಲ ಅನ್ನುವ ತಕರಾರೂ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ದಾರಿ ಮಾಡಿದೆ. ತಮ್ಮ ಕಸುಬಿನಲ್ಲಿ 15 ವರ್ಷದ ಅನುಭವ ಇದ್ದವರಿಗೆ ಪಿಎಚ್.ಡಿ. ಬೇಕಿಲ್ಲ. ಈ ಹುದ್ದೆ ಅಂದರೆ ಕಂಪನಿಯ ದೊಡ್ಡ ಅಧಿಕಾರಿಯೇ ಯಾಕೆ ನೆನಪಾಗಬೇಕು? ನಾನು ನೋಡಿದ ಆ ಕಂಪೋಸಿಟರ್‌ಗೆ ಅದರ ಎರಡು ಪಟ್ಟಿಗೂ ಜಾಸ್ತಿ ಅನುಭವ ಇದೆ. ಅವರನ್ನು ಮೇಷ್ಟ್ರು ಅಂತ ಕರೆದು, ಕುರ್ಚಿ ಕೊಟ್ಟು, ಸಂಬಳ ಕೊಟ್ಟು ಕೂರಿಸಬೇಕು.

ಪಾಠ ಮೊಳೆಗೇ ನಿಲ್ಲಬೇಕಿಲ್ಲ. ಓಲೆಗರಿ ಹದ ಮಾಡಿ ಕಂಠ ಅನ್ನುವ ಚೂಪು ಲೇಖನಿಯಿಂದ ಕೊರೆದು, ಮಸಿ ತಿಕ್ಕಿ ಅಕ್ಷರ ಮೇಲೇಳುವುದನ್ನು ಮಕ್ಕಳು ನೋಡಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕಡತವನ್ನು ತಾವೇ ಮಾಡಲಿ. ಮಗಳ ಕ್ಲಾಸಿನಲ್ಲಿ ಮಡಿಕೆ ಪುಸ್ತಕ ಮಾಡಿದ್ದನ್ನು ಅವಳು ಸಂಭ್ರಮದಿಂದ ತೋರಿಸಿದಳು. ಶೃಂಗೇರಿ ಮಠದ ಕಡತಗಳ ವಿಷಯ ಹೇಳಿದಾಗ ಅವಳ ಮೇಡಂ ಇನ್ನೂ ಬೇಕು, ಚಿತ್ರ ಇದ್ದರೆ ಕಳಿಸಿ ಅಂದರಂತೆ.

ಕೊನೆಯದಾಗಿ ಹೊರನಾಡಿನಲ್ಲಿರುವ ನಮ್ಮವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆ, ಊಟ, ಕಲಾವಿದರ ವಿಮಾನದ ಟಿಕೆಟ್ಟು ಅಂತ ನಮ್ಮ ಸಂಘಗಳು ಪ್ರೀತಿಯಿಂದಲೇ ಖರ್ಚು ಮಾಡುತ್ತವೆ. ಒಂದು ವರ್ಷ ಅದರಲ್ಲಿ ಒಂದು ಪಾಲು ಎತ್ತಿಟ್ಟು, ಹಾಸ್ಟೆಲ್ ಇರುವ ಬೆಂಗಳೂರಿನ ಒಂದು ಸರ್ಕಾರಿ ಪದವಿ ಕಾಲೇಜಿಗೆ ಪ್ರೆಸ್ಸು ಕೊಡಿಸೋಣ. ನನ್ನ ಪಾಲು ನಾನು ಹಾಕುತ್ತೇನೆ. ಷರತ್ತು ಎರಡೇ. ಪ್ರೆಸ್ಸಿನ ಕೋಣೆಯ ಬೀಗದ ಕೈ ಹಾಸ್ಟೆಲ್ ಮಕ್ಕಳ ಹತ್ತಿರ ಇರಬೇಕು, ರಾತ್ರಿ ಹತ್ತರವರೆಗೂ ತೆರೆದಿರಬೇಕು. ಮತ್ತೆ ಆ ಮಕ್ಕಳು ಮಾಡಿದ ಪುಸ್ತಕದ ಒಂದು ಪ್ರತಿ ಅವರವರ ಊರಿನ ಲೈಬ್ರರಿಗೆ ಹೋಗಬೇಕು.